ಇಪ್ಪತ್ತೆಂಟು ದಿನಕ್ಕೊಂದು ಸೂಜಿ

ಇಂದುಮತಿ ಫ್ರಿಜ್‌ನೊಳಗೆ ತಲೆಯಿಟ್ಟುಕೊಂಡು ಮಾತಾಡುತ್ತಿದ್ದಳು. ಹೊರಗೆ ಮೆಲ್ಬರ್ನ್‌ನ ಜುಲೈ ತಿಂಗಳ ಚಳಿ. ನಾನು ಎರಡು ಸ್ವೆಟರ್ ತೊಟ್ಟು ಹೀಟರಿನ ಮುಂದೆ ಕೈ ಚಾಚಿ ಕೂತಿರುತ್ತಿದ್ದೆ. ಮಾತಿನ ನಡುವೆ ಅವಳ ಕುತ್ತಿಗೆಯಿಂದ ಕೆಂಪು ಮೇಲೇರುತ್ತಿತ್ತು, ಹಣೆಯಲ್ಲಿ ಬೆವರು ಮೂಡುತ್ತಿತ್ತು. ಅವಳು ಎದ್ದು ಹೋಗಿ ಫ್ರಿಜ್ ಬಾಗಿಲು ತೆರೆಯುತ್ತಿದ್ದಳು. ಮೊಸರಿನ ಡಬ್ಬಿ, ಕೊತ್ತಂಬರಿ ಕಟ್ಟಿನ ನಡುವಿನಿಂದ ದನಿ ಬರುತ್ತಿತ್ತು: “ನೀ ಹೇಳ್ಕೋತ ಹೋಗು ಸರೋಜಕ್ಕ, ನಾ ಕೇಳ್ಲಿಕ್ಕತ್ತೀನಿ.” ಎರಡು ನಿಮಿಷ ಕಳೆದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಬಂದು, ಏನೂ ಆಗಿಲ್ಲವೆಂಬಂತೆ ಕೂರುತ್ತಿದ್ದಳು.

ನಮ್ಮ ಪರಿಚಯವಾದದ್ದು ಸಿಡ್ನಿಯಲ್ಲಿ, ಎಂಬತ್ತರ ದಶಕದ ಕೊನೆಯಲ್ಲಿ. ವೆಂಟ್‌ವರ್ತ್‌ವಿಲ್‌ನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ನಾನು ಸೀರೆ, ಸ್ಟೀಲ್ ಪಾತ್ರೆ ಮಾರುತ್ತಿದ್ದೆ. ತುಮಕೂರಿನಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವಳು ನಾನು. ಡಾಕ್ಟರು, ಇಂಜಿನಿಯರುಗಳ ಹೆಂಡತಿಯರ ಎದುರು ನಿಂತು ವ್ಯಾಪಾರ ಕಲಿತೆ. ಧಾರವಾಡದ ಇಂದುಮತಿ ಒಂದು ಇಳಕಲ್ ಸೀರೆ ಆರಿಸಿ, ನಾನು ಹೇಳಿದ ಬೆಲೆ ಕೊಡಲು ಹಾಗೇ ಪರ್ಸ್ ತೆರೆದಳು. ನನಗೆ ಸಿಟ್ಟು ಬಂತು.

“ಚೌಕಾಸಿ ಮಾಡ್ರೀ. ಇಳಿಸೋಕೇಂತಲೇ ನಾನು ಏರಿಸಿ ಹೇಳಿರ್ತೀನಿ.”

“ಅಯ್ಯ, ಸೀರಿ ನಿಮ್ದು, ಬೆಲಿ ನಿಮಗ ಗೊತ್ತಿರ್ತದ. ನಾ ಯಾಕ ವಾದಾ ಮಾಡ್ಲಿ?”

ಅಂದಿನಿಂದ ಅವಳ ಪರವಾಗಿ ವಾದ ಮಾಡುವ ಕೆಲಸ ನನ್ನದಾಯಿತು. ಅವರ ಸೋಫಾ ನಾನೇ ಕೊಡಿಸಿದೆ, ಹಳೆಯ ಕಾರೂ ನಾನೇ ನೋಡಿ ಕೊಡಿಸಿದೆ. ಯಾವ ಏಜೆಂಟನ್ನು ನಂಬಬಾರದು, ಯಾವ ಸಬರ್ಬಿನಲ್ಲಿ ಮನೆ ಹಿಡಿಯಬಾರದು, ಎಲ್ಲ ನನ್ನನ್ನೇ ಕೇಳುತ್ತಿದ್ದಳು. ನಾನು ಹೇಳಿದ್ದನ್ನು ಹಾಗೇ ಮಾಡುತ್ತಿದ್ದಳು. ಅದು ನನಗೆ ಇಷ್ಟವಾಗುತ್ತಿತ್ತು.

ಕೆಲವು ವರ್ಷಗಳ ನಂತರ ಅವಳ ಗಂಡ ಶ್ರೀಪಾದರಾಯರಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಊರಂಚಿನ ಕ್ರಾನ್‌ಬರ್ನ್‌ನಲ್ಲಿ ಮನೆ ಕೊಂಡರು. ಆಗ ಅಲ್ಲಿ ಮನೆಗಳಿಗಿಂತ ಕುದುರೆಗಳೇ ಹೆಚ್ಚು. ಧಾರವಾಡದಿಂದ ಅತ್ತೆಯೂ ಬಂದು ಸೇರಿದರು. ಇಂದುಮತಿಗೆ ಮಕ್ಕಳಿರಲಿಲ್ಲ. ಅತ್ತೆ ಆಸೆ ಬಿಟ್ಟಿರಲಿಲ್ಲ.

ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು. ಅತ್ತೆಗೆ ಹೇಳಿದ್ದು, ಬರೀ ಕೊಬ್ಬಿನ ಗಡ್ಡೆ, ತೆಗೆದರು ಎಂದು. ಕ್ಯಾನ್ಸರ್ ಎಂದು ಗೊತ್ತಿದ್ದದ್ದು ರಾಯರಿಗೆ ಮತ್ತು ನನಗೆ. ಆ ಬಗೆಯ ಗಡ್ಡೆಗೆ ಹೆಣ್ಣಿನ ಹಾರ್ಮೋನೇ ಊಟವಂತೆ. ಅದನ್ನು ನಿಲ್ಲಿಸಲು ಇಪ್ಪತ್ತೆಂಟು ದಿನಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಅಕ್ಕಿಕಾಳಿನಷ್ಟು ಔಷಧಿ ಇಡುತ್ತಿದ್ದರು. ಕಾಳು ಚಿಕ್ಕದು, ಸೂಜಿ ಮಾತ್ರ ಗೋಣಿ ಹೊಲಿಯುವಷ್ಟು ದಪ್ಪ. ರಾಯರು ರಕ್ತ ನೋಡಿದರೆ ತಲೆ ತಿರುಗಿ ಬೀಳುವವರು. ಹೇಗೂ ನಾನು ವ್ಯಾನ್ ತುಂಬ ಸೀರೆ ಹೇರಿಕೊಂಡು ತಿಂಗಳಿಗೊಮ್ಮೆ ಸಿಡ್ನಿಯಿಂದ ಹ್ಯೂಮ್ ಹೈವೇ ಹಿಡಿದು ಮೆಲ್ಬರ್ನ್‌ಗೆ ಹೋಗುತ್ತಿದ್ದೆ. ಆ ದಿನವನ್ನೇ ಸೂಜಿಯ ದಿನಕ್ಕೆ ಹೊಂದಿಸಿಕೊಂಡೆ.

ಮೊದಲ ಸಲವೇ ನರ್ಸ್ ಜತೆ ವಾದ ಶುರುಮಾಡಿದೆ. ಇದಕ್ಕಿಂತ ಸಣ್ಣ ಸೂಜಿ ಇಲ್ಲವೇ? ಆರು ವಾರಕ್ಕೊಮ್ಮೆ ಕೊಟ್ಟರೆ ಆಗದೇ? ಆಕೆ ಐಸ್ ಪ್ಯಾಕ್ ಒತ್ತಿ ಹಿಡಿದುಕೊಂಡೇ, “ಆಗಲ್ಲ ಡಾರ್ಲಿಂಗ್, ನಾಲ್ಕು ವಾರ ಅಂದರೆ ನಾಲ್ಕೇ” ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಇಂದುಮತಿ ಹೊಟ್ಟೆ ಬಿಟ್ಟುಕೊಂಡು ಮಲಗಿದ್ದವಳು ನಕ್ಕುಬಿಟ್ಟಳು.

“ಸೂಜೀಗೂ ಚೌಕಾಸಿ ಮಾಡ್ತೀಯಲ್ಲಕ್ಕಾ! ಆಕಿನೂ ನಿನ್ನಂಗ ಗಟ್ಟಿ ಅದಾಳ.”

ಮೂರನೆಯ ತಿಂಗಳಿಗೆ ಮುಟ್ಟು ನಿಂತಿತು. ಅದು ಔಷಧಿಯ ಕೆಲಸ, ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಆ ಮನೆಯಲ್ಲಿ ಮೂರು ದಿನ ಹೊರಗೆ ಕೂರುವ ಪದ್ಧತಿ ಇತ್ತು; ಅಡುಗೆಮನೆ, ದೇವರಮನೆ ಮುಟ್ಟುವಂತಿರಲಿಲ್ಲ. ಅತ್ತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತಿದ್ದರು.

“ನಿಂತದ ಅಂತ ಗೊತ್ತಾದ್ರ ತೊಟ್ಟಿಲಾ ಹುಡುಕ್ಲಿಕ್ಕೆ ಹೊಂಡ್ತಾರ. ಅವರಿಗೆ ಏನಂತ ಹೇಳ್ಲಿ?” ಎಂದಳು ಇಂದುಮತಿ.

ಅವಳು ಕಂಡುಕೊಂಡ ದಾರಿ ಸರಳವಾಗಿತ್ತು. ಸೂಜಿಯ ಮರುದಿನದಿಂದ ಮೂರು ದಿನ ಸುಮ್ಮನೆ ಹೊರಗೆ ಕೂತಳು. ಆಗ ಹೊಟ್ಟೆಯ ಮೇಲೆ ಅಂಗೈಯಗಲ ನೀಲಿ ಕಟ್ಟಿ ನೋಯುತ್ತಿತ್ತು, ಬಗ್ಗಲು ಆಗುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಕಾಲು ಚಾಚಿ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದಳು. ಅತ್ತೆ ದೂರದಿಂದ ತಟ್ಟೆ ಸರಿಸಿ, “ಇನ್ನೊಂದು ಚಪಾತಿ ಹಾಕ್ಲೇನು?” ಎಂದು ಕೇಳುತ್ತಿದ್ದರು.

“ತಿಂಗಳಾ ಮೂರು ದಿನ ರಜಾ. ಇಲ್ಲಿ ಯೂನಿಯನ್‌ನವ್ರಿಗೂ ಇಷ್ಟು ಸಿಗಂಗಿಲ್ಲ ನೋಡು” ಎಂದು ಪಿಸುಗುಟ್ಟುತ್ತಿದ್ದಳು. ನಾನು ಭೇಷ್ ಎಂದೆ.

ಚಳಿಯಲ್ಲೂ ಬೆವರಿ ಫ್ರಿಜ್ ತೆರೆಯುವಂತಾದದ್ದೂ ಆ ಸೂಜಿಯಿಂದಲೇ. ಬೆಳಿಗ್ಗೆ ಬೆರಳು ಮಡಚಲು ಬರುತ್ತಿರಲಿಲ್ಲ, ರೊಟ್ಟಿ ತಟ್ಟುವುದು ನಿಂತಿತು. ಮಂಡಿ ಹಿಡಿಯುತ್ತಿತ್ತು. ಜೀವನದಲ್ಲಿ ಗಟ್ಟಿಯಾಗಿ ಮಾತಾಡದವಳು ಒಂದು ದಿನ ರಾಯರ ಮೇಲೆ ಲಟ್ಟಣಿಗೆ ಎಸೆದಳು. ಅದು ಹೋಗಿ ಗೋಡೆಗೆ ಬಡಿಯಿತು. ಅವಳೇ ಹೋಗಿ ಎತ್ತಿಕೊಂಡು ಬಂದು, “ನಂದಲ್ಲರೀ, ಸೂಜೀದು” ಎಂದಳಂತೆ. ಆಮೇಲೆ ಅದೇ ಅವಳ ಮಾತಾಯಿತು. ಕಾರಣವಿಲ್ಲದೆ ಕಣ್ಣಲ್ಲಿ ನೀರು ಬಂದರೆ, ಕಾರಿನ ಕೀ ಮರೆತರೆ, “ನಂದಲ್ಲ, ಸೂಜೀದು.” ನಾನೂ ಕಲಿತೆ. ಅವಳು ಏನು ಹೇಳಿದರೂ ಇದು ಸೂಜಿಯದೇ ಎಂದು ತೀರ್ಪು ಕೊಡುವಷ್ಟು ಪರಿಣತಳಾದೆ.

ಎರಡನೆಯ ವರ್ಷ, ಕಾರಿನಲ್ಲಿ ಆಸ್ಪತ್ರೆಗೆ ಹೋಗುವಾಗ ಅವಳು ಸೊಂಟಕ್ಕೆ ದಿಂಬು ಒತ್ತಿಕೊಂಡು ಕೂತಿದ್ದಳು.

“ನಡಾ ಭಾಳ ನೋಯ್ಲಿಕ್ಕತ್ತದಕ್ಕಾ. ಮಲಗಿದ್ರೂ ಬಿಡಂಗಿಲ್ಲ. ಡಾಕ್ಟರ್ ಮುಂದ ಹೇಳ್ಲೇನು?”

“ಬೆರಳು ನೋಯ್ತಿತ್ತು, ಮಂಡಿ ನೋಯ್ತಿತ್ತು. ಅದೇ ಇದು, ಸೂಜೀದು. ಹೇಳಿದ್ರೆ ಹತ್ತು ಟೆಸ್ಟ್ ಬರೆದು ಅಲೆಸ್ತಾರೆ. ಎಳ್ಳೆಣ್ಣೆ ಹಚ್ಚಿ ಬಿಸಿನೀರಿನ ಬ್ಯಾಗ್ ಇಟ್ಕೋ.”

“ಹಂಗಂತೀ?”

“ಹೂಂ ಕಣೆ.”

ಅವಳು ವಾದ ಮಾಡಲಿಲ್ಲ. ಮುಂದಿನ ಸಲವೂ ಕೇಳಿದಳು, ನಾನು ಅದನ್ನೇ ಹೇಳಿದೆ. ಅದರ ಮುಂದಿನ ಸಲ ಹಾಸಿಗೆ ಹತ್ತಲಾಗದೆ ಕಬ್ಬಿಣದ ಕಂಬಿ ಹಿಡಿದು ನಿಂತಳು. ನರ್ಸ್ ಸೂಜಿಯನ್ನು ಟ್ರೇಯಲ್ಲಿಟ್ಟು ಹೊರಗೆ ಹೋದಳು, ಡಾಕ್ಟರ್ ಜತೆ ಬಂದಳು. ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರ್ ಕೇಳಿದರು. ಇಂದುಮತಿ ನನ್ನ ಕಡೆ ನೋಡಿದಳು. ಆಮೇಲೆ ಡಾಕ್ಟರ್ ಕಡೆ ತಿರುಗಿ, “ದಿಸ್ ವೀಕ್ ಓನ್ಲಿ” ಎಂದಳು.

ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಎರಡು ಕಡೆ ಕ್ಯಾನ್ಸರ್ ಕಂಡಿತು.

ವಾಪಸ್ ಬರುವಾಗ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

“ಖರೆ ಹೇಳಿದ್ರ ನೀ ಮುಂದಿನ ಸರ್ತಿ ಬರ್ತಿದ್ದಿಲ್ಲಕ್ಕಾ.”

ನಾನು ರಸ್ತೆ ನೋಡುತ್ತಾ ಗಾಡಿ ಓಡಿಸಿದೆ. ಸಿಗ್ನಲ್ ಬಿದ್ದಾಗ ನಿಲ್ಲಿಸಿದೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಬಹಳ ದಿನಗಳ ನಂತರ, ಸಿಡ್ನಿಯಲ್ಲಿ ನನ್ನ ಗಿರಾಕಿಯಾಗಿದ್ದ ಒಬ್ಬ ಡಾಕ್ಟರಮ್ಮನನ್ನು, ಯಾರದೋ ವಿಷಯವೆಂಬಂತೆ ಕೇಳಿದೆ. ಎಂಟು ವಾರ ಮೊದಲೇ ತಿಳಿದಿದ್ದರೆ ಬದುಕುತ್ತಿದ್ದರೇ ಎಂದೆ. ಹಾಗೆ ಹೇಳಲಾಗದು, ಬಹುಶಃ ಇಲ್ಲ, ಆದರೆ ಆ ಎಂಟು ವಾರದ ನೋವನ್ನು ಕಡಿಮೆ ಮಾಡಬಹುದಿತ್ತು ಎಂದರು. ಆಕೆಗೆ ಒಂದು ಸೀರೆ ಸುತ್ತಿಕೊಟ್ಟೆ. ಯಾವ ಬಣ್ಣ ಎಂದು ನೆನಪಿಲ್ಲ. ಔಷಧಿ ತೆಗೆದುಕೊಳ್ಳುವವರು ಯಾರಾದರೂ ನೋವು ಎಂದರೆ ಈಗ ನಾನು ಕಾರಣ ಹೇಳುವುದಿಲ್ಲ, ಫೋನ್ ಕೈಗಿತ್ತು ಎದುರೇ ನಿಂತು ಆಸ್ಪತ್ರೆಗೆ ಕರೆ ಮಾಡಿಸುತ್ತೇನೆ. ನೀವೂ ಹಾಗೆ ಮಾಡಿ.

ಅವಳನ್ನು ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ, ಏಪ್ರಿಲ್‌ನಲ್ಲಿ. ಅತ್ತೆಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಸೊಸೆಯ ತಲೆ ಬಾಚುತ್ತಾ ಹಾಸಿಗೆಯ ಮೇಲೇ ಕೂತಿದ್ದರು. ಇಂದುಮತಿ ವ್ಯಾಪಾರ ಹೇಗಾಯಿತು ಎಂದು ಕೇಳಿದಳು. ಹೇಳಿದೆ. ಹೇಳುತ್ತಿದ್ದಂತೆ ನಿದ್ದೆ ಹೋದಳು.

ಅವಳು ಹೋದ ಮೇಲೆ ಕ್ರಾನ್‌ಬರ್ನ್‌ಗೆ ಹೋದೆ. ರಾಯರು ಚಹಾ ಮಾಡಿ ಕೊಟ್ಟರು. ಸಕ್ಕರೆ ಹಾಕುವುದು ಮರೆತಿದ್ದರು, ನಾನು ಕುಡಿದೆ. ಹೊರಡುವಾಗ ವ್ಯಾನಿನವರೆಗೂ ಬಂದರು.

“ಒಂದು ಮಾತು ಕೇಳ್ಬೇಕಿತ್ತು ಸರೋಜಾಬಾಯಿ. ಆಕಿ ನನ್ನ ಮುಂದ ನೋವು ಅಂತ ಎಂದೂ ಅಂದಿಲ್ಲ. ನಿಮ್ಮ ಮುಂದ ಅಂದಿದ್ಲೇನು? ಯಾವಾಗಿಂದ ಇತ್ತು ಅದು?”

ಅವರ ಕೈ ವ್ಯಾನಿನ ಬಾಗಿಲ ಮೇಲಿತ್ತು. ಅತ್ತೆ ಕಿಟಕಿಯಿಂದ ನೋಡುತ್ತಿದ್ದರು.

“ಸ್ಕ್ಯಾನ್ ಮಾಡಿಸಿದ ಆ ವಾರದಿಂದಲೇ” ಎಂದೆ.

ಅವರು ಸರಿ ಎಂಬಂತೆ ತಲೆಯಾಡಿಸಿ, ಬಾಗಿಲಿನಿಂದ ಕೈ ತೆಗೆದರು.