ನಮ್ಮ ಹಿತ್ತಲಿನ ಬೆರಕೆ

ತಿಪಟೂರಿಗೆ ಬಂದ ವಾರದಲ್ಲೇ ಪಕ್ಕದ ಮನೆಯ ಗಂಗಮ್ಮ ನನ್ನನ್ನು ಬೈದರೆಂದು ತಿಳಿದೆ. ಹಿತ್ತಲ ಗೋಡೆಯಾಚೆ ನಿಂತು ನನ್ನ ಹೆಂಡತಿ ಶಾಂತವ್ವನಿಗೆ ಹೇಳುತ್ತಿದ್ದರು: "ನಿಮ್ಮನೇಲಿ ಎಂಥಾ ಬೆರಕೆ ಐತೆ ಕಣವ್ವ! ಹಂಗೇ ಬುಟ್‌ಬುಟ್ಟಿದೀಯಲ್ಲ!"

ನಮ್ಮ ವಿಜಾಪುರದ ಕಡೆ ಮನೆ 'ಮನಿ' ಆಗುವಂತೆ ಬೆರಕೆಯೂ 'ಬೆರಕಿ'. ಬೆರಕಿ ಎಂದರೆ ಕಪಟಿ. ಮನೆಯಲ್ಲಿದ್ದ ಗಂಡಸು ನಾನೊಬ್ಬನೇ. ಸಾಲದ್ದಕ್ಕೆ ಗಂಗಮ್ಮ ಗೋಡೆ ಬುಡದ ಕಳೆಯತ್ತ ಕೈ ತೋರಿಸುತ್ತಿದ್ದರು. ಹೊಲಸು ಮನೆಯೆಂದೂ ಆಡಿಕೊಂಡರೆಂದು, ಅಲ್ಲಿ ತಾನಾಗಿ ಬೆಳೆದಿದ್ದನ್ನೆಲ್ಲ ಕಿತ್ತು ಚರಂಡಿಗೆಸೆದೆ. ಆ ಹೆಂಗಸಿನ ಹತ್ತಿರ ಮಾತು ಬೇಡ ಎಂದು ಶಾಂತವ್ವನಿಗೆ ಕಟ್ಟಪ್ಪಣೆ ಮಾಡಿದೆ.

ನಾನಾದರೋ ಕೊಬ್ಬರಿ ಮಂಡಿಗೆ ಹೋಗಿ ನಾಲ್ಕು ಜನರೊಡನೆ ಬೆರೆತು ಬರುತ್ತಿದ್ದೆ. ಆಕೆಗೆ ಇಲ್ಲಿ ಒಳ್ಳೆಯ ಜೋಳ ಸಿಗಲಿಲ್ಲ, ರಾಗಿಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಈಗ ಮಾತೂ ಇಲ್ಲ. ಇಡೀ ಬೇಸಿಗೆ ಗೋಡೆಗೆ ಬೆನ್ನು ಮಾಡಿ ಕೂತಿರುತ್ತಿದ್ದಳು. ಅದು ನಾನು ಮಾಡಿದ್ದು.

ಮಳೆ ಬಂತು. ಕಲ್ಲುಚಪ್ಪಡಿಯ ಸಂದಿಯಲ್ಲಿ, ಚರಂಡಿಯ ಅಂಚಿನಲ್ಲಿ, ಕಿತ್ತದ್ದೆಲ್ಲ ಮತ್ತೆ ಎದ್ದಿತು. ಒಂದು ಮಧ್ಯಾಹ್ನ ತಟ್ಟೆಗೆ ಮುದ್ದೆಯ ಜೊತೆ ಹಸಿರು ಸಾರು ಬಿತ್ತು. ಎರಡನೇ ಸಲ ಹಾಕಿಸಿಕೊಂಡು ಕೇಳಿದೆ, "ಏನಿದು?"

"ಬೆರಕಿ ಸೊಪ್ಪಿನ ಸಾರು ರೀ." ಶಾಂತವ್ವ ತಲೆ ಎತ್ತಲಿಲ್ಲ. "ಗಂಗಮ್ಮನೋರು ಕಲಿಸ್ಯಾರ. ನಿಮಗ ಹೇಳದ ಹೋಗಿದ್ದೆ."

ಅಣ್ಣೆ, ಕನ್ನೆ, ಮುಳ್ಳುಕೀರೆ, ಹೀಗೆ ಬಿತ್ತದೆ ಬರುವ ಸೊಪ್ಪುಗಳನ್ನೆಲ್ಲ ಬೆರೆಸಿದರೆ ಇಲ್ಲಿ ಅದು ಬೆರಕೆ. ಗಂಗಮ್ಮ ಅವತ್ತು ಕೈ ತೋರಿಸಿದ್ದು ಈ ಸೊಪ್ಪಿಗೇ.

ಎದ್ದು ಹೋಗಿ ಗೋಡೆ ಬಳಿ ತಪ್ಪೊಪ್ಪಿಕೊಂಡೆ. ಗಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಅಯ್ಯೋ, ಸೊಪ್ಪಿಗೆ ಅಂದಿದ್ದು ಕಣ್ರೀ! ನಿಮ್ಮನ್ನ ಅನ್ನೋಂಗಿದ್ರೆ ಎದುರ್ಗೇ ಅಂತಿದ್ದೆ!" ಹಿಂದೆ ನಿಂತಿದ್ದ ಶಾಂತವ್ವನೂ ನಕ್ಕಳು. ಈ ಊರಿಗೆ ಬಂದಮೇಲೆ ಆ ನಗು ಕೇಳಿದ್ದು ಅದೇ ಮೊದಲು.

ಮುಳ್ಳುಕೀರೆ ಎಂದರೆ ನಮ್ಮ ಮುಳ್ಳ ರಾಜಗಿರಿಯೇ. ಅದು ಹೊರದೇಶದಿಂದ ಬಂದದ್ದೆಂದು ಹೈಸ್ಕೂಲಿನಲ್ಲಿ ಮಾಸ್ತರು ಹೇಳಿದ ನೆನಪು. ಗಂಗಮ್ಮನಿಗೆ ಹೇಳಿದರೆ, "ಬಂದಿರ್‌ಬೋದು ಬುಡಿ. ಎಳೇದಾಗಿದ್ರೆ ಸಾಕು" ಎಂದರು. ನಾನು ಎಳೆಯವನಾಗಿ ಬಂದವನಲ್ಲ. ಆದರೂ ಬೇರು ಬಿಟ್ಟೆನಲ್ಲ!

ಕಳೆದ ಸಲ ವಿಜಾಪುರಕ್ಕೆ ಬಂದಾಗ ಬಾಯಿತಪ್ಪಿ 'ಕಣ್ರೀ' ಎಂದೆ, ನಮ್ಮೂರಿನವರಾದ ನೀವೆಲ್ಲ ನಕ್ಕಿರಿ. ಇಲ್ಲಿ 'ಹೌದ್ರಿ' ಎಂದರೆ ಇವರು ನಗುತ್ತಾರೆ. ಶಾಂತವ್ವ ನಿಮ್ಮಲ್ಲಿಂದ ತಂದ ಜೋಳದ ಹಿಟ್ಟಿನಲ್ಲಿ ನಿನ್ನೆ ರೊಟ್ಟಿ ಬಡಿದಳು. ಮೊದಲ ರೊಟ್ಟಿ ಗೋಡೆ ದಾಟಿ ಹೋಯಿತು. ಆಚೆಯಿಂದ ಗಂಗಮ್ಮ ಕೂಗಿದರು: "ನಿಮ್ಮನೇಲಿ ಬೆರಕೆ ಐತೇನವ್ವಾ?"

"ಅದೀನಿ ಕಣ್ರೀ!" ಎಂದು ನಾನೇ ಉತ್ತರ ಕೊಟ್ಟೆ.