ವಸಂತಮ್ಮನನ್ನು ಎಬ್ಬಿಸುವ ಸಿಸ್ಟರ್

ಬೆಳಕು ಈಗಷ್ಟೇ ಹರಿಯುತ್ತಿದೆ. ಲಸಿಕೆಯ ದಿನವಾದ್ದರಿಂದ ತ್ರಿಪುರಸುಂದರಿ ಮಾಮೂಲಿಗಿಂತ ಬೇಗ ಕಡಹಿನಬೈಲಿನ ವಸಂತಮ್ಮನ ಮನೆಗೆ ಬಂದಿದ್ದಾರೆ. ಸ್ಕೂಟರನ್ನು ರಸ್ತೆಯಲ್ಲೇ ಬಿಟ್ಟು ಹಿತ್ತಿಲ ಬಾಗಿಲಿಗೆ ಬಂದವರು ಅಲ್ಲೇ ನಿಲ್ಲುತ್ತಾರೆ. ಮಳೆಗಾಲದಿಂದ ಇವರ ಕೈ ಹಿಡಿಯದೆ ಕುರ್ಚಿಯಿಂದ ಏಳದ ವಸಂತಮ್ಮ, ಕೋಲೂ ಇಲ್ಲದೆ ಒಲೆಯೆದುರು ನಿಂತು ಕಾಫಿ ಸೋಸುತ್ತಿದ್ದಾರೆ.

"ಇದೆಂತ ವಸಂತಮ್ಮ, ಯಾವಾಗಿಂದ?"

"ನಿಂಗೆ ಇಷ್ಟು ಬೇಗ ಬಾ ಅಂದಿದ್ದು ಯಾರು ಮಾರಾಯ್ತಿ?"

ತ್ರಿಪುರಸುಂದರಿ ಇಲ್ಲಿನ ಆರೋಗ್ಯ ಉಪಕೇಂದ್ರದ ನರ್ಸ್. ಉಪಕೇಂದ್ರದ ಹಿಂದಿನ ಕೋಣೆಯಲ್ಲಿ ಒಬ್ಬರೇ ಇರುತ್ತಾರೆ. ಬಸುರಿ, ಬಾಣಂತಿ, ಬಿ.ಪಿ.ಗಳ ಕೆಲಸ ಶುರುವಾಗುವ ಮುನ್ನ, ಒಮ್ಮೆ ಬಿದ್ದು ಹೆದರಿ ಕೂತುಬಿಟ್ಟ ಹಿರಿಯರ ಎರಡು ಮೂರು ಮನೆಗಳಿಗೆ ಹೋಗುತ್ತಾರೆ. ಕೈ ಊರದೆ ಏಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಗಂಜಿಯ ಜೊತೆ ಹೆಸರುಕಾಳು ತಿನ್ನುವುದು, ಕಾಲಿಗೆ ತೊಡರುವ ಗೋಣಿತಾಟು ತೆಗೆಯುವುದು. ಪಾಠವೆಂದರೆ ಇಷ್ಟೇ. "ಸೂಜಿ ಚುಚ್ಚದೆ ಹೋದ್ರೆ, ಸಿಸ್ಟರ್ ಬಂದಿದ್ದೇ ದಂಡ ಅಂತಾರೆ," ಎಂದು ನಗುತ್ತಾರೆ.

ವಸಂತಮ್ಮ ಬಚ್ಚಲಲ್ಲಿ ಜಾರಿದಾಗ ಮೂಳೆಗೇನೂ ಆಗಿರಲಿಲ್ಲ. ಆದರೆ ಸೊಸೆ ನಯನ ನೀರಿನ ಚೊಂಬನ್ನೂ ಕೈಗೇ ತಂದುಕೊಟ್ಟಳು. "ಅತ್ತೆ ಎದ್ದು ಓಡಾಡಿ ಬಿದ್ರೆ ಊರವರು ಬಯ್ಯೋದು ನನ್ನನ್ನ," ಎನ್ನುತ್ತಾಳೆ. ಆ ಉಪಚಾರದಲ್ಲೇ ಕಾಲಿನ ಕಸುವು ಇಳಿಯಿತು. ಅದು ಮರಳಿ ಬಂದದ್ದನ್ನು ಮುದುಕಿ ಯಾರಿಗೂ ಹೇಳಿರಲಿಲ್ಲ.

"ಗುಣ ಆಯ್ತು ಅಂದ್ರೆ ನೀ ಬೇರೆ ಮನೆ ಹಿಡಿತಿ," ಎನ್ನುತ್ತಾರೆ ವಸಂತಮ್ಮ, ಲೋಟ ಚಾಚುತ್ತ. "ಇವರೆಲ್ಲ ಗದ್ದೆಗೆ ಹೋದ್ರೆ ಬೈಗಿನವರೆಗೂ ನಾನು ಈ ಕುರ್ಚಿ ಹತ್ರ ಮಾತಾಡ್ಲಾ?"

ತ್ರಿಪುರಸುಂದರಿ ಲೋಟ ತೆಗೆದುಕೊಂಡು ಅಲ್ಲೇ ಕೂರುತ್ತಾರೆ. ಬೇರೆಯವರು ಮಾಡಿಕೊಟ್ಟ ಕಾಫಿ ಅವರಿಗೆ ದಿನದಲ್ಲಿ ಸಿಗುವುದು ಇದೊಂದೇ.

"ನಾ ಇನ್ನು ಬರಲ್ಲ," ಎನ್ನುತ್ತಾರೆ ಕೊನೆಗೆ. "ಗುರುವಾರ ಗುರುವಾರ ನೀವೇ ಉಪಕೇಂದ್ರಕ್ಕೆ ಬನ್ನಿ."

"ಆ ಏರು ಹತ್ತಿಸಿ ನನ್ನ ಕೊಲ್ತೀಯ?"

"ನಿಂತು ನಿಂತು ಬನ್ನಿ. ನಾ ಎಲ್ಲಿಗೂ ಹೋಗಲ್ಲ."

ಮೊದಲ ಗುರುವಾರ ಯಾರೂ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ತ್ರಿಪುರಸುಂದರಿ ಸ್ಕೂಟರಿನ ಕೀಲಿ ಕೈಗೆ ತೆಗೆದುಕೊಂಡು, ಮತ್ತೆ ಮೊಳೆಗೆ ನೇತುಹಾಕಿದರಂತೆ. ಆಮೇಲಿನ ವಾರ ಏರಿನ ಬುಡದಲ್ಲಿ ವಸಂತಮ್ಮನ ತಲೆ ಕಂಡಿತು. ಈಗ ಪ್ರತಿ ವಾರ ಬರುತ್ತಾರೆ, ದಾರಿಯುದ್ದಕ್ಕೂ ಸಿಸ್ಟರಿಗೆ ಬಯ್ಯುತ್ತ.

"ಇಳಿದು ಹೋಗಿ ಕೈ ಹಿಡಿಯೋಣ ಅನ್ಸುತ್ತೆ," ಎನ್ನುತ್ತಾರೆ ತ್ರಿಪುರಸುಂದರಿ. "ಹಿಡಿಯಲ್ಲ. ಮೇಲೆ ಬರೋವರೆಗೂ ಬಾಗಿಲಲ್ಲೇ ನಿಂತಿರ್ತೀನಿ."