ಮೂರನೆಯ ಸಾಲಿನ ಮುಖ

ಮೊನ್ನೆ ಪೂಜೆ ಮುಗಿಸಿ ಏಳುವಷ್ಟರಲ್ಲಿ ನಾಸಿಕದ ನಮ್ಮ ನಾಟ್ಯದ ಟೀಚರ ಹಿರಿಯ ಶಿಷ್ಯೆ ಮನೆಗೆ ಬಂದರು. ದೇವರ ಮುಂದಿಡಲು ಚೀಲದಿಂದ ಗೆಜ್ಜೆ ತೆಗೆದಾಗ ಹಿತ್ತಾಳೆ, ತೊಗಲು, ಬೆವರು ಕೂಡಿದ ವಾಸನೆ ಸಂಭಾಜಿನಗರದ ನಮ್ಮ ಪುಟ್ಟ ಹಾಲ್ ತುಂಬಿತು... ಟೀಚರ ಮನೆಯ ವಾಸನೆ.

ಮಗಳು ಚಿಕ್ಕವಳಿದ್ದಾಗ ನಮ್ಮವರು ನಾಸಿಕದ ಬ್ಯಾಂಕಿನಲ್ಲಿದ್ದರು. ಅವಳನ್ನು ಭರತನಾಟ್ಯಕ್ಕೆ ಬಿಟ್ಟು ನಾನು ಬಾಗಿಲಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕೂಡುತ್ತಿದ್ದೆ. ಟೀಚರು ಮೈಸೂರು ಕಡೆಯವರು, ಎಪ್ಪತ್ತು ದಾಟಿದ್ದರು. ಒಂದು ದಿನ ನನ್ನನ್ನೇ ನೋಡಿ ನಕ್ಕರು.

"ಸೊಪ್ಪು ಸೋಸೋ ಕೈ ತಾಳ ತಪ್ತಾ ಇಲ್ಲವಲ್ಲ. ಒಳಗೆ ಬನ್ನಿ ಅಮ್ಮ."

"ಈ ಮೈ ತಗೊಂಡು ಕುಣೀಲೇನ್ರಿ ಟೀಚರ್?"

"ಕುಣಿಯೋದು ಯಾರಿಗೆ ಬೇಕು? ಕೂತೇ ಮಾಡೋದು."

ಮಗಳು ಸೆರಗು ಜಗ್ಗಿದಳು. "ಮಮ್ಮಿ, ನಕೋ ನಾ, ಬ್ಯಾಡ. ಎಲ್ಲಾರೂ ನಗತಾರ."

ಟೀಚರಿಗೆ ತಮ್ಮ ಗುರುಗಳಿಂದ ಬಂದ ಒಂದು ಪದವಿತ್ತು, ಅಭಿನಯದ ಹಾಡು. ಕೂತು, ಕೈ ಮತ್ತು ಮುಖದಲ್ಲೇ ಹೇಳುವಂಥದ್ದು. ಸಂಸಾರ ಕಂಡ ಹೆಣ್ಣಿಗೆ ಮಾತ್ರ ಕಲಿಸಬೇಕೆಂದು ಗುರುಗಳ ಕಟ್ಟಪ್ಪಣೆ. ಶಿಷ್ಯೆಯರೆಲ್ಲ ಹುಡುಗಿಯರು, ದೊಡ್ಡವರಾದವರು ಊರು ಬಿಟ್ಟಿದ್ದರು. ಹಾಗಾಗಿ ಆ ವಿದ್ಯೆ, ಚಪಾತಿ ಲಟ್ಟಿಸುವ ನನ್ನ ಪಾಲಿಗೆ ಬಂತು.

ಬೆಳಗಾದ ಮೇಲೆ ಮನೆಗೆ ಬಂದ ಕೃಷ್ಣನೊಡನೆ ಆಡುವ ಮಾತು ಅದು. ಮೊದಲ ಸಾಲಲ್ಲಿ ಎಲ್ಲಿದ್ದೆ ಎಂದು ಕೇಳಬೇಕು. ಎರಡನೆಯದರಲ್ಲಿ ಮುನಿಸು. ಮೂರನೆಯದರಲ್ಲಿ ಬಾಯಿ ಹೋಗು ಅನ್ನುವಾಗ ಮುಖ ಮಾತ್ರ ಇರು ಅನ್ನಬೇಕು. ಟೀಚರು ಅದನ್ನು ಮಾಡಿ ತೋರಿಸುವಾಗಲೆಲ್ಲ ನನಗೆ ಎಂಥ ನಾಚಿಕೆ... ಆ ಹಿರಿಯ ಮುಖದಲ್ಲಿ ಅಂಥ ಆಸೆ ಮೂಡುವುದನ್ನು ನೋಡುವುದೇ ಪಾಪವೆನಿಸಿ ತಲೆ ತಗ್ಗಿಸಿ ಕಾಲುಂಗುರ ನೋಡುತ್ತಿದ್ದೆ.

"ಇಷ್ಟು ವರ್ಷ ಸಂಸಾರ ಮಾಡಿ, ಕೃಷ್ಣನ ಮುಂದೆ ನಾಚಿಕೆಯೇನಮ್ಮಾ?"

"ಕೃಷ್ಣನ ಮುಂದಲ್ರಿ, ನಿಮ್ಮ ಮುಂದ."

"ಆಗಲಿ. ನಾಳೆ ನೋಡುವಿರಂತೆ."

ಒಮ್ಮೆಯೂ ಬೈಯಲಿಲ್ಲ ಪುಣ್ಯಾತ್ಗಿತ್ತಿ. ಅಷ್ಟರಲ್ಲಿ ನಮಗೆ ಇಲ್ಲಿಗೆ ವರ್ಗವಾಯಿತು. ರಜೆಗೆ ಹೋಗಿ ಕಲಿತು ಮುಗಿಸಬೇಕೆಂದಿದ್ದೆ. ಅದಕ್ಕೆ ಮೊದಲೇ ಅವರು ತೀರಿಹೋದರು.

ಶಿಷ್ಯೆ ಬಂದದ್ದು ಆ ಪದಕ್ಕಾಗಿ. ಟೀಚರು ಅದನ್ನು ಬೇರೆ ಯಾರಿಗೂ ಕಲಿಸಿರಲಿಲ್ಲ. ಶಿಷ್ಯೆಗೂ ಈಗ ಕೂದಲು ನೆರೆತಿದೆ. ಅಂಥವರು ನನ್ನ ಕಾಲು ಮುಟ್ಟಲು ಬಗ್ಗಿದಾಗ ನಾನು ಹಿಂದೆ ಸರಿದೆ. ಎರಡು ಸಾಲು ಹಾಡಿ, ಕಲಿತಷ್ಟು ತೋರಿಸಿದೆ. ಮೂರನೆಯದಕ್ಕೆ ಕೈ ತಾನಾಗಿ ಎದ್ದಿತು. ಅವರು ಕಣ್ಣು ಮಿಟುಕಿಸದೆ ನನ್ನ ಮುಖ ನೋಡುತ್ತಿದ್ದರು.

"ವೈನಿ, ಇಲ್ಲೆ ಟೀಚರ ಮುಖ ಹೆಂಗಿರ್ತಿತ್ರಿ?"

"ನಾ ನೋಡಿಲ್ರಿ."

"ಎದುರಿಗೇ ಕೂಡತಿದ್ರಲ್ರಿ?"

"ಕೂಡತಿದ್ದೆ. ನಾಚಿಗಿ ಬಂದು ನೋಡ್ಲಿಲ್ಲ."

ನಾನು ಚಹಾ ಇಡುವ ನೆಪದಲ್ಲಿ ಒಳಗೆ ಹೋದೆ. ಎರಡು ಸಾಲಾದರೂ ಉಳಿಯಿತಲ್ಲ, ರಾಯರ ದಯೆ ಎಂದುಕೊಂಡೆ. ಆದರೆ ಆ ಮುಖ ಈ ಲೋಕದಲ್ಲಿ ಕೊನೆಯ ಸಲ ಮೂಡಿದಾಗ, ಅದರ ಎದುರಿಗೆ ನಾನೊಬ್ಬಳೇ ಕೂತಿದ್ದೆ.